ಗುಹೇಶ್ವರನ ಸೀಮೆಯಿಂದ ಗವಿಯ ಲಿಂಗದವರೆಗೆ

ಅಲ್ಲಮಪ್ರಭುದೇವರ ವಚನಗಳ ಅಂಕಿತ 'ಗುಹೇಶ್ವರ' ಎಂಬುದು ನಮ್ಮ ಮನೆಗಳ ಮಕ್ಕಳಿಗೂ ತಿಳಿದ ಸಂಗತಿ. ಗುಹೆಯ ಒಡೆಯ ಎಂಬುದು ಆ ಪದದ ನೇರವಾದ ಅರ್ಥ. ಗುಹೆಯೆಂದರೆ ಹೃದಯವೆಂಬ ಗುಹೆ, ಅದರೊಳಗಿನ ಚೈತನ್ಯವೇ ಗುಹೇಶ್ವರ ಎಂದು ಅನುಭಾವಿಗಳು ವಿವರಿಸುತ್ತ ಬಂದಿದ್ದಾರೆ. ಆ ವಿವರಣೆಯಲ್ಲಿ ನಮಗೆ ಯಾವ ಸಂದೇಹವೂ ಇಲ್ಲ. ಆದರೆ ಪ್ರವಚನಗಳ ಕೊನೆಯಲ್ಲಿ ಕಾಲೇಜಿನಲ್ಲಿ ಓದುವ ತರುಣರು ಎದ್ದುನಿಂತು ಕೇಳುವ ಪ್ರಶ್ನೆ ಬೇರೆ: "ಗುರುಗಳೇ, ಪ್ರಭುದೇವರು ಹುಟ್ಟಿದ ಬಳ್ಳಿಗಾವೆಯ ಸುತ್ತಮುತ್ತ ನಿಜವಾದ ಗುಹೆಗಳು ಇವೆಯೇ? ಇದ್ದರೆ ಎಂಥವು? ಇಲ್ಲದಿದ್ದರೆ ಏಕೆ ಇಲ್ಲ?" ಪ್ರಶ್ನೆ ಸಾಧುವಾದುದು. ಅರಿವನ್ನೇ ಗುರುವೆಂದು ನಂಬಿದ ಪರಂಪರೆ ನಮ್ಮದು. ಕಲ್ಲು, ಮಣ್ಣು, ಮಳೆಗಳ ಅರಿವೂ ಅರಿವೇ ಅಲ್ಲವೇ? ಈ ಪ್ರಶ್ನೆಯನ್ನೇ ಕೈದೀವಿಗೆಯಾಗಿ ಹಿಡಿದು ನಾವು ಕೆಲವು ಸದ್ಭಕ್ತರೊಡನೆ ಶಿಕಾರಿಪುರ, ಸೊರಬ ತಾಲ್ಲೂಕುಗಳನ್ನು ಹಾದು, ಘಟ್ಟದ ಮಗ್ಗುಲಿನ ಯಾಣದವರೆಗೆ ಹೋಗಿ ಬಂದೆವು. ಕಂಡದ್ದನ್ನೂ ತಿಳಿದದ್ದನ್ನೂ ಓದುಗರ ಮುಂದಿಡುವುದು ಈ ಲೇಖನದ ಉದ್ದೇಶ.

ಶರಣರ ನೆಲ

ಶಿಕಾರಿಪುರ ತಾಲ್ಲೂಕಿನ ಶಿರಾಳಕೊಪ್ಪಕ್ಕೆ ಅನತಿ ದೂರದಲ್ಲಿ ಬಳ್ಳಿಗಾವೆ ಇದೆ. ದಕ್ಷಿಣ ಕೇದಾರವೆಂದು ಶಾಸನಗಳಲ್ಲಿ ಹೊಗಳಿಸಿಕೊಂಡ ಊರು ಇದು. ಮೂರು ಗರ್ಭಗುಡಿಗಳ ಕೇದಾರೇಶ್ವರ ದೇವಾಲಯ, ಸೂಕ್ಷ್ಮ ಕೆತ್ತನೆಯ ತ್ರಿಪುರಾಂತಕೇಶ್ವರ ದೇವಾಲಯಗಳು ಇಂದಿಗೂ ನಿಂತಿವೆ. ಇಲ್ಲಿದ್ದ ಕೋಡಿಯ ಮಠದಲ್ಲಿ ವೇದ, ವ್ಯಾಕರಣ, ದರ್ಶನಗಳ ಪಾಠ ನಡೆಯುತ್ತಿತ್ತು. ದೀನರಿಗೆ ಅನ್ನ, ರೋಗಿಗಳಿಗೆ ಔಷಧ ದೊರೆಯುತ್ತಿತ್ತು ಎಂದು 1162ರ ಶಾಸನವೊಂದು ವರ್ಣಿಸುತ್ತದೆ. ಅಕ್ಕಮಹಾದೇವಿಯವರ ಜನ್ಮಸ್ಥಳವಾದ ಉಡುತಡಿ, ಇಂದಿನ ಉಡುಗಣಿ, ಇದೇ ತಾಲ್ಲೂಕಿನಲ್ಲಿದೆ. ಕದಂಬರ ಕಥೆಯನ್ನು ಹೇಳುವ ಸ್ತಂಭಶಾಸನವಿರುವ ತಾಳಗುಂದವೂ ಸಮೀಪದಲ್ಲೇ ಇದೆ. ಇಷ್ಟೊಂದು ಮಹಿಮೆ ಇಷ್ಟು ಚಿಕ್ಕ ಸೀಮೆಯಲ್ಲಿ ಒಟ್ಟುಗೂಡಿರುವುದು ಅಪರೂಪ.

ಹರಿಹರ ಕವಿಯ ಪ್ರಭುದೇವರ ರಗಳೆಯಲ್ಲಿ ಬರುವ ಪ್ರಸಂಗವನ್ನು ಓದುಗರು ಬಲ್ಲರು. ಕಾಮಲತೆಯನ್ನು ಕಳೆದುಕೊಂಡು ಅಲೆಯುತ್ತಿದ್ದ ಅಲ್ಲಮನಿಗೆ ನೆಲದಿಂದ ತುಸುವೇ ಮೇಲೆದ್ದ ಕಳಸದ ತುದಿ ಕಾಣುತ್ತದೆ. ಅಗೆಸಿ ನೋಡಿದರೆ ಮಣ್ಣಿನಡಿಯಲ್ಲಿ ಗುಡಿ. ಬಾಗಿಲು ತೆರೆದು ಒಳಹೊಕ್ಕರೆ ಅಂಗೈಯ ಲಿಂಗದಲ್ಲಿ ದೃಷ್ಟಿ ನೆಟ್ಟು ಕುಳಿತ ಅನಿಮಿಷಯ್ಯ. ಆ ಕರದ ಲಿಂಗ ಅಲ್ಲಮನ ಕರಕ್ಕೆ ಬಂದಾಗ ಆತ ಪ್ರಭುವಾದ. ಈ ಕಥೆಯಲ್ಲಿರುವುದು ಪ್ರಕೃತಿ ಕೊರೆದ ಗವಿಯಲ್ಲ, ಮನುಷ್ಯ ಕಟ್ಟಿ ಮಣ್ಣು ನುಂಗಿದ ಗುಡಿ ಎಂಬುದನ್ನು ಗಮನಿಸಬೇಕು. ಬಳ್ಳಿಗಾವೆಯ ಸುತ್ತಲಿನ ಹೊಲಗಳಲ್ಲಿ ಇಂದಿಗೂ ಉಳುವವನ ನೇಗಿಲಿಗೆ ಹಳೆಯ ಕಲ್ಲುಗಳು ತಗಲುವುದುಂಟು. ಕವಿಯ ಕಲ್ಪನೆಗೆ ಆಧಾರ ಆ ನೆಲದಲ್ಲೇ ಇದೆ.

ಹಾಗಾದರೆ ಸುಣ್ಣಕಲ್ಲನ್ನು ನೀರು ಕೊರೆದು ಮಾಡಿದ, ಮೇಲಿನಿಂದ ಕಲ್ಲಿನ ತೊಂಗಲುಗಳು ಇಳಿಬಿದ್ದ, ನೆಲದಿಂದ ಲಿಂಗಾಕೃತಿಗಳು ಮೇಲೆದ್ದ ಗವಿಗಳು ಈ ಎರಡು ತಾಲ್ಲೂಕುಗಳಲ್ಲಿ ಏಕೆ ಕಣ್ಣಿಗೆ ಬೀಳುವುದಿಲ್ಲ? ಉತ್ತರ ಕಾಲಡಿಯ ಮಣ್ಣಿನಲ್ಲೇ ಇದೆ.

ಜಂಬಿಟ್ಟಿಗೆಯ ಪಾಠ

ಶಿಕಾರಿಪುರದಿಂದ ಸೊರಬದತ್ತ ಹೊರಟವರು ರಸ್ತೆಯ ಬದಿಯ ಮಣ್ಣನ್ನು ನೋಡುತ್ತ ಹೋಗಬೇಕು. ಪೂರ್ವಕ್ಕೆ, ಹಿರೇಕೆರೂರು ಸೀಮೆಯ ಕಡೆಗೆ, ಮಳೆ ಕಡಿಮೆ. ಅಲ್ಲಿನ ಎರೆಭೂಮಿಯಲ್ಲಿ ಬಿಳಿಯ ಸುಣ್ಣದ ಹರಳುಗಳು ಸಿಕ್ಕುತ್ತವೆ. ಮಣ್ಣಿನಲ್ಲಿದ್ದ ಸುಣ್ಣವನ್ನು ಕರಗಿಸಿ ಕೊಂಡೊಯ್ಯುವಷ್ಟು ನೀರು ಅಲ್ಲಿ ಬೀಳುವುದಿಲ್ಲವಾದ್ದರಿಂದ ಅದು ಅಲ್ಲಲ್ಲೇ ಹರಳುಗಟ್ಟಿ ಉಳಿಯುತ್ತದೆ. ಪಶ್ಚಿಮಕ್ಕೆ ಸಾಗಿದಂತೆ ಮಳೆ ಹೆಚ್ಚುತ್ತದೆ, ಮಣ್ಣು ಕೆಂಪಾಗುತ್ತದೆ, ಸುಣ್ಣದ ಹರಳು ಮಾಯವಾಗುತ್ತದೆ. ದಂಡಾವತಿಯನ್ನು ದಾಟಿ ಸೊರಬದ ಪಶ್ಚಿಮಕ್ಕೆ ಬಂದರೆ ಎಲ್ಲೆಲ್ಲೂ ಜಂಬಿಟ್ಟಿಗೆ. ಮನೆಯ ಗೋಡೆ, ಬಾವಿಯ ಕಟ್ಟೆ, ತೋಟದ ಅಗಳು, ಎಲ್ಲವೂ ಆ ಕೆಂಪು ರಂಧ್ರಮಯ ಕಲ್ಲಿನದೇ. ಕರಾವಳಿಯವರು ಇದನ್ನೇ ಮುರಕಲ್ಲು ಎನ್ನುತ್ತಾರೆ.

ಈ ಕಲ್ಲಿನ ಕಥೆ ಸ್ವಾರಸ್ಯಕರವಾದುದು. 1801ರಲ್ಲಿ ಫ್ರಾನ್ಸಿಸ್ ಬುಕನನ್ ಎಂಬ ಆಂಗ್ಲ ಸೇವೆಯ ವೈದ್ಯನು ಸೋಂದಾ, ಬನವಾಸಿಗಳ ಮಾರ್ಗವಾಗಿ ಚಂದ್ರಗುತ್ತಿ, ಕೆಳದಿ, ಇಕ್ಕೇರಿಗಳನ್ನು ಹಾದುಹೋದ. ಮಲಬಾರಿನಲ್ಲಿ ಈ ಕಲ್ಲನ್ನು ಕೊಯ್ದು ಇಟ್ಟಿಗೆಯಂತೆ ಬಳಸುವುದನ್ನು ಕಂಡು, ಇಟ್ಟಿಗೆಗೆ ಲ್ಯಾಟಿನ್ ಭಾಷೆಯಲ್ಲಿರುವ ಪದವನ್ನು ಹಿಡಿದು 'ಲ್ಯಾಟರೈಟ್' ಎಂಬ ಹೆಸರನ್ನು ತನ್ನ 1807ರ ಗ್ರಂಥದಲ್ಲಿ ಬಳಸಿದ. ಇಂದು ಜಗತ್ತಿನ ಭೂವಿಜ್ಞಾನಿಗಳೆಲ್ಲ ಬಳಸುವ ಪದ ಅದು. ನಮ್ಮ ಜನರ 'ಜಂಬಿಟ್ಟಿಗೆ'ಯಲ್ಲೂ ಇಟ್ಟಿಗೆ ಇದ್ದೇ ಇದೆ.

ಜಂಬಿಟ್ಟಿಗೆ ಹುಟ್ಟುವುದಕ್ಕೆ ಎರಡು ಬೇಕು: ನಾಲ್ಕು ತಿಂಗಳ ಬಿಡದ ಮಳೆ, ಮತ್ತು ಅದರ ಬೆನ್ನಿಗೆ ಬರುವ ದೀರ್ಘವಾದ ಬಿಸಿಲು. ಮಳೆಯ ನೀರು ಕೊಳೆತ ತರಗೆಲೆಯ ಮೂಲಕ ಇಳಿದು ಹುಳಿಯಾಗುತ್ತದೆ. ಆ ಹುಳಿನೀರು ಕೆಳಗಿನ ಬಂಡೆಯಲ್ಲಿರುವ ಸುಣ್ಣವನ್ನು ಮೊದಲು, ಮರಳಿನ ಸಾರವನ್ನು ಆಮೇಲೆ, ಲಕ್ಷಾಂತರ ವರ್ಷಗಳ ಕಾಲ ಕರಗಿಸಿ ಹೊಳೆಗೆ ಸಾಗಿಸುತ್ತದೆ. ಕರಗದೆ ಉಳಿದ ಕಬ್ಬಿಣ ಮತ್ತು ಅಲ್ಯುಮಿನಿಯಂ ಬಿಸಿಲಿನಲ್ಲಿ ಒಣಗಿ ಕಲ್ಲಾಗುತ್ತವೆ. ಅದರ ಮೈತುಂಬ ಇರುವ ರಂಧ್ರಗಳು ಹೊರಟುಹೋದವುಗಳ ಗುರುತು. ಕಲ್ಲಿನ ಕೆಳಗೆ ಬಿಳಿಯ ಅಥವಾ ಹಳದಿಯ ಮೆದುವಾದ ಜೇಡಿಮಣ್ಣಿನ ಪದರವಿರುತ್ತದೆ. ಒಳಗೆ ಹರಿಯುವ ನೀರು ಆ ಮೆದುಮಣ್ಣನ್ನು ಕೊಚ್ಚಿಕೊಂಡು ಹೋದರೆ ಮೇಲೆ ಗಟ್ಟಿಕಲ್ಲಿನ ಮಾಡು, ಕೆಳಗೆ ಟೊಳ್ಳು. ಮಲೆನಾಡಿನಲ್ಲೂ ಕರಾವಳಿಯಲ್ಲೂ ಕಾಣುವ ಅನೇಕ ಚಿಕ್ಕ ಗವಿಗಳೂ ಸುರಂಗಗಳೂ ಹೀಗೆ ಆದವು. ಇವುಗಳಲ್ಲಿ ನೀರು ತೊಟ್ಟಿಕ್ಕಿದರೂ ಲಿಂಗ ಬೆಳೆಯುವುದಿಲ್ಲ. ಆ ನೀರಿನಲ್ಲಿ ಬಿಟ್ಟುಹೋಗಲು ಸುಣ್ಣವೇ ಇಲ್ಲ.

ಸೊರಬ ತಾಲ್ಲೂಕಿನಲ್ಲಿ ಗುಹೆಯೆಂದ ಕೂಡಲೇ ಜನರಿಗೆ ನೆನಪಾಗುವುದು ಚಂದ್ರಗುತ್ತಿ. ಸಮುದ್ರಮಟ್ಟದಿಂದ ಸುಮಾರು 850 ಮೀಟರ್ ಎತ್ತರದ ಈ ಗುಡ್ಡದ ಮೇಲೆ ಹಳೆಯ ಕೋಟೆಯಿದೆ. ಮಗ್ಗುಲಲ್ಲಿ ರೇಣುಕಾಂಬೆಯ ಸನ್ನಿಧಿ. ಬಂಡೆಯ ಸಹಜವಾದ ಗವಿಯೇ ಗರ್ಭಗುಡಿ, ಅದರ ಮುಂದೆ ಮನುಷ್ಯರು ಕಟ್ಟಿದ ಕಲ್ಲಿನ ಮಂಟಪ. ಬಿಸಿಲಿನಲ್ಲಿ ಮೆಟ್ಟಿಲೇರಿ ಬಂದವರಿಗೆ ಒಳಗಿನ ತಂಪು ತಾಯಿಯ ಸೆರಗಿನಂತೆ ಹಿತವಾಗಿತ್ತು. ಅಲ್ಲಿಯೂ ಸುಣ್ಣದ ತೊಂಗಲುಗಳಿಲ್ಲ. ಗವಿಗಳೆಲ್ಲ ಒಂದೇ ಜಾತಿಯವಲ್ಲ ಎಂಬುದನ್ನು ತರುಣರಿಗೆ ಅಲ್ಲಿಯೇ ವಿವರಿಸಿದೆವು. ಬಂಡೆ ಬಿರಿದು ಆದ ಗವಿ ಒಂದು, ಮೆದುಮಣ್ಣು ಕೊಚ್ಚಿಹೋಗಿ ಆದ ಗವಿ ಇನ್ನೊಂದು, ಕಲ್ಲೇ ಕರಗಿ ಆದ ಗವಿ ಮತ್ತೊಂದು. ಈ ಮೂರನೆಯದನ್ನು ಕಾಣಲು ಸಿದ್ದಾಪುರ, ಶಿರಸಿಗಳನ್ನು ದಾಟಿ ಮುಂದೆ ಹೋಗಬೇಕು.

ಯಾಣದ ಕರಿಯ ಬಂಡೆ

"ಸೊಕ್ಕಿದ್ದರೆ ಯಾಣ, ರೊಕ್ಕಿದ್ದರೆ ಗೋಕರ್ಣ" ಎಂಬ ಗಾದೆ ಆ ಸೀಮೆಯಲ್ಲಿ ಬಳಕೆಯಲ್ಲಿದೆ. ಹಿಂದೆ ಯಾಣಕ್ಕೆ ಹೋಗಬೇಕಾದರೆ ಕಾಡು, ಇಂಬಳ, ಏರುಹಾದಿಗಳನ್ನು ಎದುರಿಸುವ ಎದೆಗಾರಿಕೆ ಬೇಕಿತ್ತು. 1996ರಲ್ಲಿ 'ನಮ್ಮೂರ ಮಂದಾರ ಹೂವೆ' ಚಲನಚಿತ್ರ ಬಂದ ಮೇಲೆ ಯಾಣದ ಹೆಸರು ನಾಡಿನ ತುಂಬ ಹರಡಿತು. ಇಂದು ವಾಹನಗಳು ಬಹುಮಟ್ಟಿಗೆ ಹತ್ತಿರದವರೆಗೆ ಹೋಗುತ್ತವೆ. ಆದರೂ ಕೊನೆಯ ದಾರಿಯನ್ನು ಕಾಲ್ನಡಿಗೆಯಲ್ಲಿ, ಹಳ್ಳದ ಸದ್ದನ್ನು ಕೇಳುತ್ತ, ದಟ್ಟ ಮರಗಳ ನೆರಳಿನಲ್ಲಿ ಸಾಗಬೇಕು. ಹಾಗೆ ಸಾಗುವಾಗ ಮರಗಳ ನಡುವೆ ಒಮ್ಮೆಲೇ ಎದುರು ನಿಲ್ಲುವ ಕರಿಯ ಶಿಖರವನ್ನು ಕಂಡು ಮಾತು ನಿಂತುಹೋಗುತ್ತದೆ. ಭೈರವೇಶ್ವರ ಶಿಖರದ ಎತ್ತರ ಸುಮಾರು 120 ಮೀಟರ್. ಅದರ ಸಮೀಪದ ಮೋಹಿನಿ ಶಿಖರ ಸುಮಾರು 90 ಮೀಟರ್. ಮೇಲಿನ ಕಲ್ಲಂಚುಗಳಿಗೆ ಹೆಜ್ಜೇನಿನ ಗೂಡುಗಳು ತೂಗುತ್ತಿರುತ್ತವೆ.

ಭಸ್ಮಾಸುರನು ತನ್ನ ತಲೆಯ ಮೇಲೆ ತಾನೇ ಕೈಯಿಟ್ಟು ಉರಿದುಹೋದ ಸ್ಥಳ ಇದು, ಆ ಬೆಂಕಿಯಿಂದಲೇ ಇಲ್ಲಿನ ಕಲ್ಲೂ ಮಣ್ಣೂ ಕಪ್ಪಾದವು ಎಂದು ಸ್ಥಳಪುರಾಣ ಹೇಳುತ್ತದೆ. ಭೂವಿಜ್ಞಾನಿಗಳು ಇದನ್ನು ಹರಳುಗಟ್ಟಿದ ಸುಣ್ಣಶಿಲೆ ಎನ್ನುತ್ತಾರೆ. ಪುರಾಣವು ಅಹಂಕಾರದ ಫಲವನ್ನು ಕಲಿಸುತ್ತದೆ. ವಿಜ್ಞಾನವು ಕಲ್ಲಿನ ಸ್ವಭಾವವನ್ನು ತಿಳಿಸುತ್ತದೆ. ಎರಡರ ಕೆಲಸವೂ ಬೇರೆಬೇರೆ. ಒಂದನ್ನು ಒಪ್ಪಲು ಇನ್ನೊಂದನ್ನು ತಳ್ಳಬೇಕಿಲ್ಲ.

ಭೈರವೇಶ್ವರ ಶಿಖರದ ಬುಡದ ಗವಿಯಲ್ಲಿ ಉದ್ಭವಲಿಂಗವಿದೆ. ಗವಿಯ ಮಾಡಿನಿಂದ ನೀರು ಲಿಂಗದ ಮೇಲೆ ಬೀಳುತ್ತದೆ. ಜನ ಅದನ್ನು ಗಂಗೋದ್ಭವ ಎಂದು ಕರೆಯುತ್ತಾರೆ. ಇಲ್ಲಿಂದ ಹರಿಯುವ ಚಂಡಿಹೊಳೆ ಮುಂದೆ ಅಘನಾಶಿನಿಯನ್ನು ಸೇರುತ್ತದೆ. ನಮ್ಮೊಡನೆ ಬಂದಿದ್ದ ತಾಯಿಯೊಬ್ಬರು ಬಹಳ ಹೊತ್ತು ಆ ನೀರನ್ನೇ ನೋಡುತ್ತ ನಿಂತು, "ಗುರುಗಳೇ, ಕೊಡ ಹಿಡಿದವರು ಯಾರೂ ಕಾಣುವುದಿಲ್ಲ. ಈ ಅಭಿಷೇಕದ ನೀರು ಎಲ್ಲಿಂದ ಬರುತ್ತದೆ?" ಎಂದು ಕೇಳಿದರು. ಈ ಲೇಖನದ ತಿರುಳೆಲ್ಲ ಆ ಪ್ರಶ್ನೆಯಲ್ಲಿದೆ.

ಕಲ್ಲು ಕರಗುವ ಬಗೆ

ಸುಣ್ಣಕಲ್ಲು ಶುದ್ಧವಾದ ನೀರಿನಲ್ಲಿ ಬಹಳ ಅಲ್ಪವಾಗಿ ಕರಗುತ್ತದೆ. ಅದನ್ನು ಚೆನ್ನಾಗಿ ಕರಗಿಸಲು ನೀರಿನಲ್ಲಿ ಇಂಗಾಲದ ಡೈಆಕ್ಸೈಡ್ ವಾಯು ಬೆರೆತಿರಬೇಕು. ನಾವು ಉಸಿರಾಡುವ ಗಾಳಿಯಲ್ಲಿ ಈ ವಾಯು ಇರುವುದು ನೂರಕ್ಕೆ 0.04ರಷ್ಟು ಮಾತ್ರ. ಮಳೆಯ ಹನಿ ಆಕಾಶದಿಂದ ತರುವ ಹುಳಿ ಅತ್ಯಲ್ಪ. ಆದರೆ ಆ ಹನಿ ಕಾಡಿನ ಮಣ್ಣಿನೊಳಗೆ ಇಳಿದಾಗ ಸ್ಥಿತಿ ಬದಲಾಗುತ್ತದೆ. ಮರದ ಬೇರುಗಳು ಉಸಿರಾಡುತ್ತವೆ. ಉದುರಿದ ಎಲೆಯನ್ನು ಕೊಳೆಸುವ ಅಸಂಖ್ಯ ಸೂಕ್ಷ್ಮಜೀವಿಗಳೂ ಉಸಿರಾಡುತ್ತವೆ. ಆ ಉಸಿರಿನಿಂದ ಮಣ್ಣಿನ ಕಣಗಳ ನಡುವಿನ ಗಾಳಿಯಲ್ಲಿ ಈ ವಾಯು ಹೊರಗಿನದಕ್ಕಿಂತ ಹತ್ತು ಪಟ್ಟು, ಕೆಲವೊಮ್ಮೆ ನೂರು ಪಟ್ಟು ಹೆಚ್ಚಾಗಿರುತ್ತದೆ. ಅದನ್ನು ಹೀರಿಕೊಂಡ ನೀರು ಬಂಡೆಯ ಬಿರುಕುಗಳಲ್ಲಿ ಇಳಿಯುತ್ತ ಸುಣ್ಣವನ್ನು ಕರಗಿಸಿಕೊಂಡು, ಬಿರುಕನ್ನು ಅಗಲಿಸುತ್ತ, ಯುಗಯುಗಗಳಲ್ಲಿ ಗವಿಯನ್ನು ಮಾಡುತ್ತದೆ. ಗವಿಯನ್ನು ಕೊರೆದ ಉಳಿ ನೀರು. ಆ ಉಳಿಗೆ ಸಾಣೆ ಹಿಡಿದದ್ದು ಮೇಲಿನ ಕಾಡು.

ಇನ್ನು ಲಿಂಗಾಕೃತಿಗಳು ಬೆಳೆಯುವ ಬಗೆ. ಗೋಲಿ ಸೋಡಾ ಸೀಸೆಯನ್ನು ಒತ್ತಿ ತೆರೆದಾಗ ಒಳಗಿನ ವಾಯು ಬುಸ್ಸೆಂದು ಹೊರಬರುವುದನ್ನು ಎಲ್ಲರೂ ಕಂಡಿದ್ದಾರೆ. ಗವಿಯ ಮಾಡಿನಲ್ಲಿ ಹನಿ ಹೊರಬಂದಾಗ ನಡೆಯುವುದೂ ಅದೇ, ಸದ್ದಿಲ್ಲದೆ. ಮಣ್ಣಿನಲ್ಲಿ ಹೀರಿದ ವಾಯುವನ್ನು ಹನಿ ಗವಿಯ ಗಾಳಿಗೆ ಬಿಟ್ಟುಕೊಡುತ್ತದೆ. ವಾಯು ಹೋದಂತೆ ಸುಣ್ಣವನ್ನು ಹಿಡಿದಿಡುವ ಶಕ್ತಿ ನೀರಿಗೆ ಉಳಿಯುವುದಿಲ್ಲ. ಸುಣ್ಣದ ಒಂದು ಕಣ ಮಾಡಿಗೆ ಅಂಟುತ್ತದೆ. ಹನಿ ಕೆಳಗೆ ಬಿದ್ದ ಸ್ಥಳದಲ್ಲಿ ಇನ್ನೊಂದು ಕಣ ಉಳಿಯುತ್ತದೆ. ಮೇಲಿನದು ತೊಂಗಲಾಗಿ ಇಳಿಯುತ್ತದೆ, ಕೆಳಗಿನದು ಲಿಂಗದಂತೆ ಏಳುತ್ತದೆ. ಕೆಲವು ಸ್ಥಳಗಳಲ್ಲಿ ಎರಡೂ ಕೂಡಿ ಕಂಬವಾಗುತ್ತವೆ. ನಮ್ಮ ತಾಯಂದಿರು ಇದನ್ನು ಬಚ್ಚಲಮನೆಯಲ್ಲೇ ಕಾಣಬಹುದು. ಗಡಸುನೀರನ್ನು ದಿನವೂ ಕಾಯಿಸುವ ಹಂಡೆಯ ಒಳಮೈಗೆ ಬಿಳಿಯ ಕಿಟ್ಟ ಕಟ್ಟುತ್ತದೆಯಲ್ಲವೇ? ನೀರು ಕಾದು ವಾಯು ಹೊರಟುಹೋದಾಗ ಉಳಿದ ಸುಣ್ಣ ಅದು. ಹಂಡೆಯಲ್ಲಿ ಬೆಂಕಿ ಮಾಡುವ ಕೆಲಸವನ್ನು ಗವಿಯಲ್ಲಿ ಕಾಲ ಮಾಡುತ್ತದೆ.

ಎಷ್ಟು ಕಾಲ? ಸ್ಥಳದಿಂದ ಸ್ಥಳಕ್ಕೆ ವ್ಯತ್ಯಾಸವಿದ್ದರೂ ವರ್ಷಕ್ಕೆ ಒಂದು ಮಿಲಿಮೀಟರಿನ ಹತ್ತನೆಯ ಒಂದು ಭಾಗದಷ್ಟು ಬೆಳೆಯುವುದು ಸಾಮಾನ್ಯವೆನ್ನುತ್ತಾರೆ. ಆ ಲೆಕ್ಕದಲ್ಲಿ ಒಂದು ಮೀಟರ್ ಏಳಲು ಹತ್ತು ಸಾವಿರ ವರ್ಷ ಬೇಕು. ಅನುಭವ ಮಂಟಪದ ಕಾಲದಿಂದ ಇಂದಿನವರೆಗಿನ ಸುಮಾರು 850 ವರ್ಷಗಳಲ್ಲಿ ಬೆಳೆದದ್ದು ನಾಲ್ಕು ಬೆರಳಗಲ ಮಾತ್ರ. ಕ್ಷಣದ ಅಜಾಗರೂಕತೆಯಿಂದ ಪ್ರವಾಸಿಯೊಬ್ಬ ಮುರಿಯುವ ಗೇಣುದ್ದದ ತೊಂಗಲು ಎಷ್ಟು ತಲೆಮಾರುಗಳ ಸಂಪತ್ತು ಎಂಬುದನ್ನು ಓದುಗರೇ ಲೆಕ್ಕ ಹಾಕಬಹುದು.

ಮಣ್ಣು, ಮರ, ಮಳೆ

ಮೂರರ ಪಾತ್ರವನ್ನೂ ಬೇರೆಬೇರೆಯಾಗಿ ನೋಡೋಣ.

ಮೊದಲನೆಯದು ಮಣ್ಣು. ತರಗೆಲೆ ಕೊಳೆತು ಸಡಿಲವಾದ ಮಣ್ಣು ನೀರನ್ನು ನಿಧಾನವಾಗಿ ಹೀರಿ ನಿಧಾನವಾಗಿ ಕೆಳಕ್ಕೆ ಬಿಡುತ್ತದೆ. ಬರಿಯ ಬಂಡೆಯಾದರೆ ನೀರು ಹುಳಿಯಾಗದೆ ಹರಿದುಹೋಗುತ್ತದೆ. ತುಳಿದು ತುಳಿದು ಗಟ್ಟಿಯಾದ ಜಿಗುಟು ನೆಲವಾದರೆ ಒಳಗೆ ಇಳಿಯುವುದೇ ಇಲ್ಲ. ಗವಿಯ ಆಕೃತಿಗಳ ಬಣ್ಣವೂ ಮಣ್ಣಿನ ಕೊಡುಗೆ. ಶುದ್ಧ ಸುಣ್ಣದ ಹರಳು ಬಿಳಿ. ಮಣ್ಣಿನ ಕಬ್ಬಿಣ ಬೆರೆತರೆ ಕೆಂಪು, ಕೊಳೆತ ಎಲೆಯ ಸಾರ ಬೆರೆತರೆ ಜೇನಿನ ಬಣ್ಣ ಅಥವಾ ಕಂದು.

ಎರಡನೆಯದು ಮರ. ಬೇರು ಬಂಡೆಯ ಬಿರುಕನ್ನು ತೆರೆದು ನೀರಿಗೆ ದಾರಿ ಮಾಡುತ್ತದೆ, ಎಲೆ ಮಣ್ಣಿಗೆ ಹುಳಿಯನ್ನು ಕೊಡುತ್ತದೆ, ನೆರಳು ಮಣ್ಣಿನ ತೇವವನ್ನು ಕಾಯುತ್ತದೆ. ಕಾಡು ಕಡಿದರೆ ಮೊದಲು ಮಣ್ಣಿನ ಉಸಿರು ಕಡಿಮೆಯಾಗುತ್ತದೆ, ಆಮೇಲೆ ಮಣ್ಣೇ ಕೊಚ್ಚಿ ಗವಿಯೊಳಗೆ ಹೂಳಾಗಿ ತುಂಬುತ್ತದೆ. ಕಲ್ಲು ಬೆಳೆಯುವುದು ನಿಲ್ಲುತ್ತದೆ. ಮೇಲಿದ್ದದ್ದು ಮರವೋ ಹುಲ್ಲೋ ಎಂಬುದೂ ಗವಿಯ ಕಲ್ಲಿನಲ್ಲಿ ದಾಖಲಾಗುತ್ತದೆ. ಮರಗಳೂ ಬಿಸಿಲುನಾಡಿನ ಅನೇಕ ಹುಲ್ಲುಗಳೂ ಗಾಳಿಯಿಂದ ಇಂಗಾಲವನ್ನು ಹಿಡಿಯುವ ರೀತಿ ಬೇರೆ. ಆ ವ್ಯತ್ಯಾಸ ನೀರಿನ ಮೂಲಕ ಕಲ್ಲಿಗೆ ಇಳಿದು ಶಾಶ್ವತವಾಗಿ ಉಳಿಯುತ್ತದೆ.

ಮೂರನೆಯದು ಹವಾಗುಣ. ತಣ್ಣೀರು ಬಿಸಿನೀರಿಗಿಂತ ಹೆಚ್ಚು ವಾಯುವನ್ನು ಹಿಡಿದಿಡಬಲ್ಲದು, ನಿಜ. ಆದರೆ ಬೆಚ್ಚಗಿನ ತೇವದ ನೆಲದಲ್ಲಿ ಎಲೆ ಕೊಳೆಯುವ ವೇಗ ಅದೆಷ್ಟೋ ಪಾಲು ಹೆಚ್ಚು. ಆದ್ದರಿಂದ ನಮ್ಮ ಘಟ್ಟಸೀಮೆಯಂಥ ನೆಲದಲ್ಲಿ ಕರಗುವುದೂ ಬೆಳೆಯುವುದೂ ಚುರುಕು. ಮಳೆಗಾಲದಲ್ಲಿ ಹನಿ ಹೆಚ್ಚು, ಬೇಸಿಗೆಯಲ್ಲಿ ಕಡಿಮೆ. ಆದ್ದರಿಂದ ಮರದ ಕಾಂಡದಲ್ಲಿ ಬಳೆ ಮೂಡುವಂತೆ ಕೆಲವು ಗವಿಗಳ ಕಲ್ಲಿನಲ್ಲೂ ವರ್ಷಕ್ಕೊಂದು ಪದರ ಮೂಡುತ್ತದೆ.

ಈ ಪದರಗಳನ್ನು ಓದುವ ವಿದ್ಯೆ ಇಂದು ಬಹಳ ಮುಂದುವರಿದಿದೆ. ಉತ್ತರ ಕನ್ನಡದ ಆಕಳಗವಿಯಿಂದ ದೊರೆತ ಇಂಥ ಒಂದು ಕಲ್ಲನ್ನು ಅಹಮದಾಬಾದಿನ ಭೌತ ಸಂಶೋಧನಾಲಯದ ವಿಜ್ಞಾನಿಗಳಾದ ಯಾದವ, ರಮೇಶ್ ಮತ್ತು ಅವರ ಸಹವರ್ತಿ ಪಂತ್ ಅಭ್ಯಸಿಸಿ, ಅದರಲ್ಲಿ 331 ವರ್ಷಗಳ ಮಳೆಯ ಏರಿಳಿತವನ್ನು ಗುರುತಿಸಿ 2004ರಲ್ಲಿ ಪ್ರಕಟಿಸಿದರು. ಮಳೆ ಅಳೆಯುವ ಉಪಕರಣಗಳು ನಮ್ಮ ನಾಡಿಗೆ ಬರುವುದಕ್ಕೂ ಮುಂಚಿನ ಮುಂಗಾರುಗಳ ಲೆಕ್ಕವನ್ನು ಗವಿ ಬರೆದಿಟ್ಟಿತ್ತು. ಮೇಘಾಲಯದ ಮಾಮ್ಲುಹ್ ಗವಿಯ ಕಲ್ಲೊಂದರಲ್ಲಿ ಸುಮಾರು 4,200 ವರ್ಷಗಳ ಹಿಂದಿನ ಘೋರ ಬರಗಾಲದ ಗುರುತು ದೊರೆತುದರಿಂದ, ಅಲ್ಲಿಂದ ಇಂದಿನವರೆಗಿನ ಭೂಯುಗಕ್ಕೆ 'ಮೇಘಾಲಯನ್' ಎಂದು 2018ರಲ್ಲಿ ಅಂತಾರಾಷ್ಟ್ರೀಯ ಭೂವಿಜ್ಞಾನ ಸಂಸ್ಥೆ ಹೆಸರಿಟ್ಟಿತು. ಬಳ್ಳಿಗಾವೆಯಲ್ಲಿ ದಾನಿಗಳು ಬರೆಸಿದ ಶಾಸನಗಳನ್ನು ನಾವು ಓದುತ್ತೇವೆ; ಇವು ಮೋಡ ಬರೆಸಿದ ಶಾಸನಗಳು.

ಕವಳಾದ ಲಿಂಗ ಮತ್ತು ಭಕ್ತರ ಹೊಣೆ

ಅದೇ ಜಿಲ್ಲೆಯ ದಾಂಡೇಲಿಯ ಅರಣ್ಯದಲ್ಲಿ ಕವಳಾ ಎಂಬ ಗವಿಯಿದೆ. ನೂರಾರು ಮೆಟ್ಟಿಲುಗಳನ್ನು ದಾಟಿ, ಇಕ್ಕಟ್ಟಾದ ಸುರಂಗದಲ್ಲಿ ಬಗ್ಗಿ ತೆವಳಿ ಒಳಹೊಕ್ಕರೆ ಸುಣ್ಣದ ನೀರು ಕಟ್ಟಿದ ಲಿಂಗದ ದರ್ಶನವಾಗುತ್ತದೆ. ಮಹಾಶಿವರಾತ್ರಿಯಂದು ಅಲ್ಲಿಗೆ ಭಕ್ತರು ನೆರೆಯುತ್ತಾರೆ. ಅಮರನಾಥದ ಲಿಂಗ ಹಿಮದ್ದು. ಋತುವಿನೊಡನೆ ಬೆಳೆದು ಕರಗುತ್ತದೆ. ಕವಳಾದ ಲಿಂಗ ಕಲ್ಲಿನದು. ಅದನ್ನು ಕಟ್ಟಿದ ಹನಿಗಳಿಗೆ ಲೆಕ್ಕವಿಲ್ಲ.

ಇಷ್ಟಲಿಂಗವನ್ನು ಅಂಗೈಯಲ್ಲಿ ಪೂಜಿಸುವ ನಮಗೆ ಗವಿಯ ಲಿಂಗದ ಮಾತೇಕೆ ಎಂದು ಕೆಲವರು ಕೇಳಬಹುದು. ಸ್ಥಾವರ, ಜಂಗಮಗಳ ವಿವೇಚನೆಯನ್ನು ಶರಣರು ನಮಗೆ ಕಲಿಸಿದ್ದಾರೆ. ನಮಗೆ ಇಲ್ಲಿ ಹೊಳೆದದ್ದು ಇಷ್ಟು: ಈ ಗವಿಗಳಲ್ಲಿ ಸ್ಥಾವರವಾಗಿ ಕಾಣುವ ಕಲ್ಲನ್ನು ರೂಪಿಸಿದ್ದು ಚಲಿಸುವ ನೀರು, ಉಸಿರಾಡುವ ಬೇರು, ಬಂದುಹೋಗುವ ಮುಗಿಲು. ಚಲಿಸುವುದು ನಿಂತರೆ ನಿಂತದ್ದೂ ಬೆಳೆಯಲಾರದು. ಈ ದೃಷ್ಟಿಯಿಂದ ನೋಡಿದಾಗ ಗವಿಯ ಮೇಲಿನ ಕಾಡೂ ಪೂಜಾರ್ಹವಾಗುತ್ತದೆ.

ಆದರೆ ನಮ್ಮ ಭಕ್ತಿಯೇ ಕೆಲವೊಮ್ಮೆ ಇವುಗಳಿಗೆ ಕಂಟಕವಾಗುತ್ತಿದೆ ಎಂಬುದನ್ನು ವಿಷಾದದಿಂದ ಹೇಳಬೇಕಾಗಿದೆ. ಗವಿಯೊಳಗೆ ಕರ್ಪೂರ, ಊದುಬತ್ತಿಗಳನ್ನು ಹಚ್ಚಿದರೆ ಹೊಗೆ ಹೊರಹೋಗಲಾರದೆ ಕಲ್ಲಿನ ಮೇಲೆ ಮಸಿಯಾಗಿ ಕೂರುತ್ತದೆ. ಎಣ್ಣೆ, ತುಪ್ಪ ಬಳಿದ ಕಲ್ಲಿನ ಮೇಲೆ ಸುಣ್ಣದ ಹರಳು ಮೊದಲಿನಂತೆ ಕೂರಲಾರದು. ಕೈಯ ಬೆವರಿನ ಜಿಡ್ಡೂ ಹಾಗೆಯೇ. ಜನಸಂದಣಿಯ ಉಸಿರಿನಿಂದ ಗವಿಯ ಗಾಳಿಯೇ ಬದಲಾಗುತ್ತದೆ. ಫ್ರಾನ್ಸ್ ದೇಶದ ಲಾಸ್ಕೋ ಎಂಬ ಸುಣ್ಣಕಲ್ಲಿನ ಗವಿಯಲ್ಲಿ ಆದಿಮಾನವರ ಅದ್ಭುತ ಚಿತ್ರಗಳಿವೆ. 1948ರಲ್ಲಿ ಅದನ್ನು ಜನರಿಗೆ ತೆರೆದರು. ಪ್ರೇಕ್ಷಕರ ಉಸಿರು ಮತ್ತು ಬೆವರಿನಿಂದ ಚಿತ್ರಗಳು ಕೆಡತೊಡಗಿದುದರಿಂದ 1963ರಲ್ಲಿ ಮುಚ್ಚಬೇಕಾಯಿತು. ಸಾವಿರಾರು ವರ್ಷ ಉಳಿದದ್ದು ಹದಿನೈದೇ ವರ್ಷಗಳಲ್ಲಿ ಅಪಾಯಕ್ಕೆ ಸಿಲುಕಿತು. ಗವಿಯ ಲಿಂಗವನ್ನು ದೂರದಿಂದ ದರ್ಶಿಸಿ, ಭಸ್ಮಧಾರಣೆಯನ್ನು ತಮ್ಮ ಹಣೆಗೇ ಮಾಡಿಕೊಂಡು, ದೀಪವನ್ನು ಹೊರಗೆ ಬೆಳಗಿ ಬರುವುದು ನಿಜವಾದ ಭಕ್ತಿ. ಅಭಿಷೇಕಕ್ಕೆ ಅಲ್ಲಿ ಬೇರೆ ವ್ಯವಸ್ಥೆ ಇದ್ದೇ ಇದೆ.

ಸೊರಬದ ಕಾನು

ಮರಳುವ ದಾರಿಯಲ್ಲಿ ಸೊರಬದ ಕಾನುಗಳನ್ನು ನೋಡಿದೆವು. ಗದ್ದೆ, ಬೇಣ, ತೋಟಗಳ ನಡುವೆ ದ್ವೀಪಗಳಂತೆ ಉಳಿದ ನಿತ್ಯಹಸುರಿನ ಕಾಡುಗಳಿಗೆ ಆ ಸೀಮೆಯಲ್ಲಿ ಕಾನು ಎನ್ನುತ್ತಾರೆ. ಹಿರಿಯರು ಅಲ್ಲಿ ಚೌಡಿ, ಭೂತ, ನಾಗಗಳನ್ನು ನೆಲೆಗೊಳಿಸಿ ಕೊಡಲಿಯನ್ನು ದೂರವಿಟ್ಟರು. ಮೆಣಸಿನ ಬಳ್ಳಿ, ಬೈನೆ ಮರಗಳ ಫಲವನ್ನು ಮಾತ್ರ ಪಡೆದರು. 1868ರಲ್ಲಿಯೇ ಬ್ರಾಂಡಿಸ್ ಮತ್ತು ಗ್ರಾಂಟ್ ಎಂಬ ಅಧಿಕಾರಿಗಳು ಸೊರಬದ ಕಾನುಗಳ ಕುರಿತು ಸರ್ಕಾರಕ್ಕೆ ವರದಿ ಬರೆಯುವಷ್ಟು ಇವುಗಳಿಗೆ ಮಹತ್ವವಿತ್ತು. ಆಮೇಲಿನ ಕಾಲದಲ್ಲಿ ಕಾನುಗಳು ಕುಗ್ಗುತ್ತ ಬಂದವು. ಎಷ್ಟೋ ಕಡೆ ಒತ್ತುವರಿಯಾಯಿತು. ಎಷ್ಟೋ ಕಡೆ ಸಹಜವಾದ ಗಿಡಮರಗಳು ಹೋಗಿ ಅಕೇಶಿಯಾ, ನೀಲಗಿರಿಗಳ ಸಾಲುಗಳು ಬಂದವು.

ಅಲ್ಲಿನ ವೃದ್ಧ ಕೃಷಿಕರೊಬ್ಬರು ನಮ್ಮನ್ನು ಕಾನಿನ ಅಂಚಿಗೆ ಕರೆದೊಯ್ದು ಕಾಲಿನಿಂದ ತರಗೆಲೆಯನ್ನು ಸರಿಸಿ ತೋರಿಸಿದರು. ಕೆಳಗಿನ ಮಣ್ಣು ಕಪ್ಪಾಗಿ, ತೇವವಾಗಿ, ಹಿಡಿದರೆ ಹುಡಿಯಾಗುವಂತಿತ್ತು. "ಇದಿರುವತನಕ ಕೆಳಗಿನ ಕೆರೆಗೆ ನೀರು, ಗುರುಗಳೇ. ನಮ್ಮಪ್ಪ ಕಾನಿಗೆ ಕೈ ಮುಗಿದೇ ಒಳಗೆ ಹೋಗುತ್ತಿದ್ದ. ಈಗ ಗರಗಸ ಹಿಡಿದು ಹೋಗುತ್ತಾರೆ. ಆಚೆ ದಿಂಬದ ಕಾನು ಬೋಳಾದ ಮೇಲೆ ಅದರಡಿಯ ಬಾವಿ ಶಿವರಾತ್ರಿಗೇ ಒಣಗುತ್ತದೆ" ಎಂದರು. ಅವರು ವಿಜ್ಞಾನವನ್ನು ಓದಿದವರಲ್ಲ. ಆದರೆ ಯಾಣದಲ್ಲಿ ಆ ತಾಯಿ ಕೇಳಿದ ಪ್ರಶ್ನೆಗೆ ಅವರ ಕಾಲಡಿಯಲ್ಲಿ ಉತ್ತರವಿತ್ತು. ಗವಿಯ ಮಾಡಿನಿಂದ ಹನಿ ಬೀಳುವುದಕ್ಕೂ ಕೆರೆಯ ಕೋಡಿಯಲ್ಲಿ ನೀರು ಹರಿಯುವುದಕ್ಕೂ ಮೂಲ ಒಂದೇ: ಮರದ ನೆರಳಿನಲ್ಲಿ ಜೀವಂತವಾಗಿರುವ ಒಂದು ಮೊಳ ಮಣ್ಣು.

ಶಿರಸಿಯ ಸಲ್ಕಣಿಯ ಜನರು 1983ರ ಸೆಪ್ಟೆಂಬರಿನಲ್ಲಿ ಮರಗಳನ್ನು ತಬ್ಬಿ ನಿಂತು ಅಪ್ಪಿಕೋ ಚಳವಳಿಯನ್ನು ಆರಂಭಿಸಿದಾಗ ಕಾಯ್ದದ್ದು ಮರಗಳನ್ನು ಮಾತ್ರವಲ್ಲ. ಅವುಗಳ ಕೆಳಗಿನ ಮಣ್ಣನ್ನೂ ನೀರನ್ನೂ ಕಾಯ್ದರು. ಸೊರಬ, ಶಿಕಾರಿಪುರಗಳಲ್ಲಿ ನಮ್ಮ ಸಮಾಜದ ಮನೆಗಳು ಬಹಳ. ಭೂಮಿಯನ್ನು ನಂಬಿದವರೇ ಹೆಚ್ಚು. ಊರ ಕಾನಿಗೆ ಕಾವಲಾಗುವ ಕೆಲಸವನ್ನು ಕಾಯಕವೆಂದು ಕೈಗೊಂಡರೆ ಅದಕ್ಕಿಂತ ದೊಡ್ಡ ದಾಸೋಹ ಮತ್ತೊಂದಿಲ್ಲ. ಮದುವೆ, ಗೃಹಪ್ರವೇಶ, ಹಿರಿಯರ ಸ್ಮರಣೆಗಳ ಸಂದರ್ಭದಲ್ಲಿ ನಂದಿ, ಮತ್ತಿ, ಹಲಸು, ಮುರುಗಲುಗಳಂಥ ಊರ ಗಿಡಗಳನ್ನೇ ನೆಡಬೇಕು. ತರಗೆಲೆಗೆ ಬೆಂಕಿಯಿಡುವ ಅಭ್ಯಾಸವನ್ನು ಬಿಡಬೇಕು. ಮಕ್ಕಳನ್ನು ಬಳ್ಳಿಗಾವೆ, ಉಡುಗಣಿಗಳಿಗೆ ಕರೆದೊಯ್ದ ಹಾಗೆಯೇ ಒಂದು ಕಾನಿನೊಳಗೂ ಕರೆದೊಯ್ದು ಮಣ್ಣನ್ನು ಮುಟ್ಟಿಸಿ ತೋರಿಸಬೇಕು.

ಯಾಣ, ಚಂದ್ರಗುತ್ತಿಗಳಿಗೆ ಹೋಗಬಯಸುವ ಕುಟುಂಬಗಳು ಮಳೆಗಾಲ ಮುಗಿದು ಕಾರ್ತಿಕ, ಮಾರ್ಗಶಿರಗಳು ಬಂದಾಗ ಹೊರಡುವುದು ಲೇಸು. ಆಗ ಇಂಬಳದ ಕಾಟ ಕಡಿಮೆ, ಹಳ್ಳಗಳಲ್ಲಿ ನೀರಿರುತ್ತದೆ, ಗವಿಯ ಹನಿ ನಿಂತಿರುವುದಿಲ್ಲ. ಕವಳಾ ಗವಿಯು ಹುಲಿ ಸಂರಕ್ಷಿತ ಅರಣ್ಯದಲ್ಲಿರುವುದರಿಂದ ಅರಣ್ಯ ಇಲಾಖೆಯಲ್ಲಿ ವಿಚಾರಿಸಿಯೇ ಹೋಗಬೇಕು. ಹೋದಾಗ ಗದ್ದಲ ಮಾಡದೆ, ಪ್ಲಾಸ್ಟಿಕ್ ಚೆಲ್ಲದೆ, ಹೆಜ್ಜೇನಿಗೆ ಹೊಗೆ ತಾಗಿಸದೆ ಬರಬೇಕು.

ತರುಣರ ಪ್ರಶ್ನೆಗೆ ನಮ್ಮ ಉತ್ತರವಿಷ್ಟು. ಪ್ರಭುದೇವರ ಹುಟ್ಟುನೆಲದಲ್ಲಿ ಸುಣ್ಣದ ಗವಿಗಳು ಕಾಣುವುದಿಲ್ಲ. ಅಲ್ಲಿನ ಮಳೆ ಮತ್ತು ಎಲೆಗಳು ಬಂಡೆಯ ಸುಣ್ಣವನ್ನು ಹೊಳೆಗೆ ಒಪ್ಪಿಸಿ ಜಂಬಿಟ್ಟಿಗೆಯನ್ನು ಉಳಿಸಿವೆ. ಎರಡು ತಾಲ್ಲೂಕುಗಳ ಆಚೆ ಅದೇ ಮಳೆ, ಅಂಥದೇ ಎಲೆ, ಬೇರೆ ಕಲ್ಲಿನೊಳಗೆ ಇಳಿದು ಗವಿಯನ್ನು ಕೊರೆದಿವೆ, ಲಿಂಗವನ್ನು ಕಟ್ಟಿವೆ. ಎರಡು ಕಡೆಯಲ್ಲೂ ಕೆಲಸ ಮಾಡಿದ ಕೈ ಕಾಡಿನದು. ಆ ಕೈ ಬಲವಾಗಿರುವಷ್ಟು ದಿನ ಗವಿಯಲ್ಲಿ ಹನಿ ತಪ್ಪದು, ಬಾವಿಯಲ್ಲಿ ನೀರು ತಪ್ಪದು.